‘ಕಂಪ್ಯೂಟರ್ ಸರಿಯಾಗಿತ್ತು’ ಎಂಬ ಒಂದು ಸಾಲು

2024ರ ಮೇ 24, ಶುಕ್ರವಾರ, ಬ್ರಿಟನ್ನಿನ ಸಂಸತ್ತಿನ ಆ ಅವಧಿಯ ಕೊನೆಯ ದಿನವಾಗಿತ್ತು. ಎರಡು ದಿನ ಮೊದಲಷ್ಟೇ ಪ್ರಧಾನಿ ರಿಷಿ ಸುನಕ್ ಚುನಾವಣೆಯನ್ನು ಘೋಷಿಸಿದ್ದರಿಂದ, ಅಂಗೀಕಾರವಾಗದೆ ಉಳಿದ ಮಸೂದೆಗಳು ಬಿದ್ದುಹೋಗಲಿದ್ದವು. ಆ ಗಡಿಬಿಡಿಯಲ್ಲಿ ದೊರೆಯ ಅಂಕಿತ ಪಡೆದ ಕಾಯಿದೆಗಳಲ್ಲಿ ‘ಪೋಸ್ಟ್ ಆಫೀಸ್ (ಹೊರೈಜನ್ ಸಿಸ್ಟಮ್) ಅಫೆನ್ಸಸ್ ಆ್ಯಕ್ಟ್ 2024’ ಒಂದು. ಅಂಕಿತ ಬಿದ್ದೊಡನೆ ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದ ನೂರಾರು ಜನರ ಮೇಲೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕ ಬರೆದದ್ದು ಎಂದು ದಾಖಲಾಗಿದ್ದ ಅಪರಾಧ ನಿರ್ಣಯಗಳು ರದ್ದಾದವು. ಹೊರೈಜನ್ ಎಂಬ ಲೆಕ್ಕದ ಕಂಪ್ಯೂಟರ್ ವ್ಯವಸ್ಥೆ ತೋರಿಸಿದ ಕೊರತೆಗಳೇ ಆ ನಿರ್ಣಯಗಳ ಆಧಾರವಾಗಿದ್ದವು. ಅವರಲ್ಲಿ ಯಾರೂ ಅರ್ಜಿ ಹಾಕಬೇಕಾಗಿರಲಿಲ್ಲ. ಯಾವ ನ್ಯಾಯಾಧೀಶರೂ ಅವರ ಕಡತಗಳನ್ನು ಒಂದೊಂದಾಗಿ ತೆರೆದು ನೋಡಲಿಲ್ಲ. ಸತ್ತುಹೋಗಿದ್ದವರ ಹೆಸರುಗಳೂ ಅದೇ ಕ್ಷಣದಲ್ಲಿ ಶುದ್ಧವಾದವು.

ಈ ಕಾಯಿದೆಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾನು ವಕೀಲೆಯಲ್ಲ; ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಲೆಕ್ಕಪತ್ರದ ಸಾಫ್ಟ್‌ವೇರ್ ಬರೆಯುವ, ಬರೆದದ್ದು ಕೆಟ್ಟಾಗ ದುರಸ್ತಿ ಮಾಡುವ ಕೆಲಸದಲ್ಲಿರುವವಳು. ಹೊರೈಜನ್ ಹಗರಣದ ಕಥೆಯನ್ನು ಹೆಚ್ಚಿನವರು ಒಂದು ಸಂಸ್ಥೆಯ ಕ್ರೌರ್ಯದ ಕಥೆಯಾಗಿ ಓದುತ್ತಾರೆ, ಅದು ಸರಿಯೂ ಹೌದು. ಆದರೆ ನನ್ನಂಥ ಕೆಲಸದವರಿಗೆ ಅದರಲ್ಲಿ ಇನ್ನೊಂದು ಎಳೆ ಕಾಣುತ್ತದೆ. ಕಂಪ್ಯೂಟರ್ ಹೇಳಿದ್ದನ್ನು ನ್ಯಾಯಾಲಯವು ಯಾವ ಷರತ್ತಿನ ಮೇಲೆ ನಂಬಬೇಕು ಎಂಬ ಪ್ರಶ್ನೆ ಅದು. ಬ್ರಿಟನ್ನಿನ ಕಾನೂನು ಒಂದು ಕಾಲದಲ್ಲಿ ಆ ಷರತ್ತನ್ನು ವಿಧಿಸಿತ್ತು, ಆಮೇಲೆ ತೆಗೆದುಹಾಕಿತು. ತೆಗೆದುಹಾಕಿದ್ದರ ಫಲವನ್ನು ಅಳಿಸಲು ಕಾಲು ಶತಮಾನದ ನಂತರ ಅದೇ ಸಂಸತ್ತು ಇನ್ನೊಂದು ಕಾಯಿದೆ ಮಾಡಬೇಕಾಯಿತು.

ಶಿಕ್ಷೆಗೊಳಗಾದ ಇವರಲ್ಲಿ ಹೆಚ್ಚಿನವರು ಸಬ್ ಪೋಸ್ಟ್‌ಮಾಸ್ಟರ್‌ಗಳು. ಆ ಹೆಸರು ಕೇಳಿದೊಡನೆ ನಮ್ಮಲ್ಲಿ ಇಲಾಖೆಯ ನೌಕರರು ನೆನಪಾಗುತ್ತಾರೆ. ಬ್ರಿಟನ್ನಿನ ಸಬ್ ಪೋಸ್ಟ್‌ಮಾಸ್ಟರ್ ಹಾಗಲ್ಲ. ಊರಿನ ದಿನಸಿ ಅಂಗಡಿಯ ಒಂದು ಮೂಲೆಯಲ್ಲಿ ಗಾಜಿನ ಕೌಂಟರ್ ಹಾಕಿಕೊಂಡು, ಪೋಸ್ಟ್ ಆಫೀಸ್ ಸಂಸ್ಥೆಯೊಡನೆ ಕರಾರು ಮಾಡಿಕೊಂಡು, ಅಂಚೆಚೀಟಿ ಮಾರಿ, ಪಿಂಚಣಿ ಹಂಚಿ, ಕಮಿಷನ್ ಪಡೆಯುವ ಸ್ವತಂತ್ರ ವ್ಯಾಪಾರಿ ಆತ. ಅಂಗಡಿ, ಮೇಲಿನ ಮನೆ ಎರಡಕ್ಕೂ ಅವರದೇ ಉಳಿತಾಯ ಅಥವಾ ಸಾಲ. ಸಂಸ್ಥೆಯು ಆ ಕರಾರನ್ನು ಅರ್ಥೈಸುತ್ತಿದ್ದ ರೀತಿಯಲ್ಲಿ, ಲೆಕ್ಕದಲ್ಲಿ ಬಂದ ಕೊರತೆಯನ್ನು ಅವರೇ ಕೈಯಿಂದ ತುಂಬಿಕೊಡಬೇಕಿತ್ತು. ಕಾಗದದ ಲೆಕ್ಕವಿದ್ದಾಗ ಇದೇನೂ ಅಸಾಧ್ಯದ ಮಾತಾಗಿರಲಿಲ್ಲ: ಕೊರತೆ ಬಂದರೆ ರಾತ್ರಿ ಕೂತು ರಸೀದಿಗಳನ್ನು ಒಂದೊಂದಾಗಿ ತಾಳೆ ನೋಡಿ ತಪ್ಪು ಎಲ್ಲಿದೆ ಎಂದು ಹುಡುಕಬಹುದಿತ್ತು. 1999ರಿಂದ ಶಾಖೆಗಳಿಗೆ ಹೊರೈಜನ್ ಬಂತು. ಜಪಾನಿನ ಫುಜಿತ್ಸು ಸಂಸ್ಥೆಯ ಒಡೆತನದ ಐಸಿಎಲ್ ಎಂಬ ಕಂಪ್ಯೂಟರ್ ಕಂಪನಿ ಕಟ್ಟಿದ ವ್ಯವಸ್ಥೆ ಅದು. ಲೆಕ್ಕ ಅದರೊಳಗೆ ಹೋಯಿತು, ಹುಡುಕುವ ದಾರಿ ಮುಚ್ಚಿತು, ಕೊರತೆ ತುಂಬಬೇಕಾದ ಹೊಣೆ ಮಾತ್ರ ಹಾಗೆಯೇ ಉಳಿಯಿತು.

ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರೊ ಎಂಬ ಹಳ್ಳಿಯಲ್ಲಿ ಜೋ ಹ್ಯಾಮಿಲ್ಟನ್ ಅಂಗಡಿ ಮತ್ತು ಅಂಚೆ ಕಚೇರಿ ನಡೆಸುತ್ತಿದ್ದರು. ಒಂದು ದಿನ ಲೆಕ್ಕದಲ್ಲಿ ಸುಮಾರು 2,000 ಪೌಂಡ್ ಕೊರತೆ ತೋರಿಸಿತು. ಅವರು ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯವರು ಹೇಳಿದಂತೆ ಒಂದೊಂದೇ ಕೀಲಿ ಒತ್ತುತ್ತಾ ಹೋದಾಗ, ಅವರ ಕಣ್ಣೆದುರಿಗೇ ಆ ಅಂಕಿ ಇಮ್ಮಡಿಯಾಯಿತು. ಹೆಚ್ಚಿದ ಹಣವನ್ನೂ ಅವರೇ ಕಟ್ಟಬೇಕೆಂದು ಉತ್ತರ ಬಂತು. ಈ ಪ್ರಸಂಗವನ್ನು ಓದಿದಾಗಲೆಲ್ಲ ಫೋನಿನ ಆ ತುದಿಯಲ್ಲಿ ಕೂತವರ ಬಗ್ಗೆಯೂ ಯೋಚಿಸುತ್ತೇನೆ. ಅವರ ಮುಂದೆಯೂ ಒಂದು ಪರದೆ, ಹಂತಹಂತವಾಗಿ ಓದಿ ಹೇಳಬೇಕಾದ ಒಂದು ಪಟ್ಟಿ, ಕರೆ ಮುಗಿದಾಗ ತುಂಬಬೇಕಾದ ಒಂದು ಕಾರಣ ಇದ್ದಿರಬೇಕು. ನಮ್ಮ ವೃತ್ತಿಯಲ್ಲಿ ಆ ಕಾರಣದ ಜಾಗದಲ್ಲಿ ಅತಿ ಹೆಚ್ಚು ಬಾರಿ ಬರೆಯಲಾಗುವ ಪದ ‘ಯೂಸರ್ ಎರರ್’, ಅಂದರೆ ಬಳಸಿದವರದೇ ತಪ್ಪು. ನಾನೂ ಅದನ್ನು ಸಾವಿರ ಸಲ ಬರೆದಿದ್ದೇನೆ, ಬಹುಪಾಲು ಸಲ ಅದು ನಿಜವೂ ಆಗಿತ್ತು. ಹಾಗೆ ಬಹುಪಾಲು ಸಲ ನಿಜವಾಗಿರುವುದರಿಂದಲೇ ಉಳಿದ ಸಲ ಅದನ್ನು ಪ್ರಶ್ನಿಸುವ ಅಭ್ಯಾಸ ನಮಗೆ ತಪ್ಪಿಹೋಗುತ್ತದೆ.

ಕರೆ ಮಾಡಿದವರಿಗೆಲ್ಲ ಇನ್ನೊಂದು ಉತ್ತರವೂ ಸಿಗುತ್ತಿತ್ತು: ಈ ತೊಂದರೆ ನಿಮಗೊಬ್ಬರಿಗೇ ಆಗಿದೆ, ಬೇರೆ ಯಾರೂ ದೂರು ಕೊಟ್ಟಿಲ್ಲ. ಯಾರ್ಕ್‌ಶೈರಿನ ಬ್ರಿಡ್ಲಿಂಗ್ಟನ್ ಊರಿನ ಲೀ ಕ್ಯಾಸಲ್ಟನ್ ಸಹಾಯವಾಣಿಗೆ 91 ಸಲ ಕರೆ ಮಾಡಿದ್ದರು. ಸುಮಾರು 25,000 ಪೌಂಡ್ ಕೊರತೆಗಾಗಿ ಪೋಸ್ಟ್ ಆಫೀಸ್ ಅವರ ಮೇಲೆ ಸಿವಿಲ್ ದಾವೆ ಹೂಡಿತು. ವಕೀಲರಿಗೆ ಕೊಡಲು ಹಣವಿಲ್ಲದೆ ತಾವೇ ವಾದಿಸಿದ ಅವರು 2007ರಲ್ಲಿ ಸೋತರು. 3,21,000 ಪೌಂಡ್ ದಾವೆಯ ಖರ್ಚು ತಲೆಯ ಮೇಲೆ ಬಿದ್ದು ದಿವಾಳಿಯಾದರು. ವೇಲ್ಸಿನ ಆಂಗ್ಲಿಸಿ ದ್ವೀಪದಲ್ಲಿ ದಶಕಗಳ ಕಾಲ ಅಂಚೆಯ ಕೆಲಸ ಮಾಡಿದ್ದ ನೋಯೆಲ್ ಥಾಮಸ್ ತಮ್ಮ 60ನೆಯ ಹುಟ್ಟುಹಬ್ಬದ ದಿನ ಜೈಲಿನಲ್ಲಿದ್ದರು. ಇವರಿಗೆ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ನೂರಾರು ಊರುಗಳಲ್ಲಿ ನೂರಾರು ಜನ, ತಾವೊಬ್ಬರೇ ಲೆಕ್ಕ ಬಾರದವರು ಎಂದುಕೊಂಡು, ಮನೆ ಅಡವಿಟ್ಟು, ಒಡವೆ ಮಾರಿ, ತಂದೆತಾಯಿಯರ ಬಳಿ ಕೈಯೊಡ್ಡಿ, ತಾವು ಕದಿಯದ ಹಣವನ್ನು ತುಂಬುತ್ತಿದ್ದರು.

ತಪ್ಪು ಎಲ್ಲಿತ್ತು? ಒಂದೇ ಕಡೆ ಅಲ್ಲ. ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯ ಹೆಸರು ಹೊತ್ತ ದೋಷವೊಂದಿತ್ತು. ವ್ಯವಸ್ಥೆ ಬಂದ ಆರಂಭದ ವರ್ಷಗಳಿಂದ 2006ರಲ್ಲಿ ಸರಿಪಡಿಸುವವರೆಗೂ ಅದು ಒಳಗೇ ಇತ್ತು. ಡಾಲ್ಮೆಲಿಂಗ್ಟನ್ ಎಂಬ ಇನ್ನೊಂದು ಊರಿನ ಹೆಸರಿನ ದೋಷದಲ್ಲಿ, ಪರದೆ ನಿಂತುಹೋದಂತೆ ಕಂಡು ಮತ್ತೆ ಮತ್ತೆ ‘ಎಂಟರ್’ ಒತ್ತಿದರೆ, ಒತ್ತಿದಷ್ಟು ಸಲವೂ ಅದೇ ನಗದು ಜಮೆಯಾಗುತ್ತಿತ್ತು: 8,000 ಪೌಂಡ್ ನಾಲ್ಕು ಸಲ ದಾಖಲಾಗಿ, ಕೈಯಲ್ಲಿ ಇಲ್ಲದ 24,000 ಪೌಂಡನ್ನು ಯಂತ್ರ ಕೇಳತೊಡಗಿತು. ಪರದೆ ಸ್ಪಂದಿಸದಿದ್ದಾಗ ಇನ್ನೊಮ್ಮೆ ಒತ್ತದವರು ಯಾರಿದ್ದಾರೆ? ಒಂದೇ ವ್ಯವಹಾರ ಎರಡು ಸಲ ದಾಖಲಾಗದಂತೆ ನೋಡಿಕೊಳ್ಳುವುದು ಲೆಕ್ಕದ ಸಾಫ್ಟ್‌ವೇರ್ ಬರೆಯುವವರು ಕಲಿಯುವ ಮೊದಲ ಪಾಠಗಳಲ್ಲಿ ಒಂದು. ಇವೆಲ್ಲಕ್ಕಿಂತ ಗಂಭೀರವಾದದ್ದು, ಫುಜಿತ್ಸುವಿನ ಸಿಬ್ಬಂದಿ ದೂರದಿಂದಲೇ ಶಾಖೆಯ ಲೆಕ್ಕದೊಳಗೆ ಪ್ರವೇಶಿಸಿ ಅದನ್ನು ಬದಲಿಸಬಹುದಿತ್ತು ಎಂಬ ಸಂಗತಿ. ಅದು ಸಾಧ್ಯವೇ ಇಲ್ಲ ಎಂದು ಪೋಸ್ಟ್ ಆಫೀಸ್ ವರ್ಷಗಟ್ಟಲೆ ಹೇಳಿತು. ಸಾಧ್ಯವಿಲ್ಲ ಎಂದಮೇಲೆ ಲೆಕ್ಕ ತಪ್ಪಿದ್ದರೆ ಅದಕ್ಕೆ ಕೌಂಟರಿನ ಹಿಂದೆ ಕೂತವರೇ ಕಾರಣರಾಗಬೇಕಿತ್ತು. ನ್ಯಾಯಾಲಯಗಳಲ್ಲಿ ನಡೆದ ವಾದ ಇಷ್ಟೇ.

ಸೀಮಾ ಮಿಶ್ರಾ ಅವರ ಪ್ರಕರಣದ ಬಳಿ ಸ್ವಲ್ಪ ನಿಲ್ಲಬೇಕು. ಭಾರತದಿಂದ ಹೋಗಿ ನೆಲೆಸಿದ್ದ ಅವರು 2005ರಲ್ಲಿ ಸರ್ರೆಯ ವೆಸ್ಟ್ ಬೈಫ್ಲೀಟ್‌ನ ಅಂಚೆ ಕಚೇರಿಯನ್ನು ವಹಿಸಿಕೊಂಡರು. ಕೊರತೆ ಶುರುವಾಯಿತು, ತುಂಬಿದರು, ಮತ್ತೆ ಬಂತು. 74,609 ಪೌಂಡ್ ಕದ್ದರೆಂಬ ಆರೋಪದ ಮೇಲೆ 2010ರ ಅಕ್ಟೋಬರಿನಲ್ಲಿ ಗಿಲ್ಡ್‌ಫರ್ಡ್ ಕ್ರೌನ್ ಕೋರ್ಟಿನಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆಯಿತು. ಅವರ ಪರವಾಗಿ ತಜ್ಞರಿದ್ದರು, ಹೊರೈಜನ್ನಿನ ದೋಷಗಳ ದಾಖಲೆಗಳನ್ನು ಕೊಡಿರೆಂದು ಮತ್ತೆ ಮತ್ತೆ ಕೇಳಲಾಗಿತ್ತು. ಅದೇ ದಿನಗಳಲ್ಲಿ, ಹಲವು ಶಾಖೆಗಳ ಲೆಕ್ಕವನ್ನು ಕೆಡಿಸುವ ಒಂದು ದೋಷ ಪತ್ತೆಯಾಗಿ ಫುಜಿತ್ಸು ಮತ್ತು ಪೋಸ್ಟ್ ಆಫೀಸಿನವರು ಅದರ ಬಗ್ಗೆ ಸಭೆ ನಡೆಸಿದ್ದರು. ವಿಷಯ ಹೊರಬಿದ್ದರೆ ನಡೆಯುತ್ತಿರುವ ಮೊಕದ್ದಮೆಗಳ ಮೇಲೆ ಪರಿಣಾಮವಾಗಬಹುದೆಂಬ ಎಚ್ಚರಿಕೆ ಆ ಸಭೆಯ ಟಿಪ್ಪಣಿಯಲ್ಲಿಯೇ ಇತ್ತು. ಜ್ಯೂರಿಯ ಮುಂದೆ ಅದು ಬರಲಿಲ್ಲ. 2010ರ ನವೆಂಬರ್ 11ರಂದು, ಮಗನ ಹತ್ತನೆಯ ಹುಟ್ಟುಹಬ್ಬದ ದಿನ, ಎರಡನೆಯ ಮಗುವಿನ ಗರ್ಭಿಣಿಯಾಗಿದ್ದ ಅವರಿಗೆ 15 ತಿಂಗಳ ಸೆರೆವಾಸ ವಿಧಿಸಲಾಯಿತು. ಕಾಲಿಗೆ ನಿಗಾ ಉಪಕರಣ ಕಟ್ಟಿಕೊಂಡೇ ಅವರು ಆ ಮಗುವನ್ನು ಹೆತ್ತರು. ಹೊಟ್ಟೆಯಲ್ಲಿ ಮಗುವಿಲ್ಲದಿದ್ದರೆ ತಾನು ಬದುಕುಳಿಯುತ್ತಿರಲಿಲ್ಲ ಎಂದು ಆಮೇಲೆ ಅವರು ಬಹಿರಂಗವಾಗಿಯೇ ಹೇಳಿದ್ದಾರೆ. ಹೀಗೆ ಸಿಕ್ಕಿಬಿದ್ದವರಲ್ಲಿ ಭಾರತ ಮತ್ತು ಸುತ್ತಲಿನ ದೇಶಗಳ ಮೂಲದವರು ಅನೇಕರಿದ್ದರು. ಬ್ರಿಟನ್ನಿನ ಮೂಲೆ ಅಂಗಡಿಗಳನ್ನು ನಮ್ಮ ಕಡೆಯ ಕುಟುಂಬಗಳು ಎಷ್ಟು ಶ್ರದ್ಧೆಯಿಂದ ನಡೆಸಿಕೊಂಡು ಬಂದಿವೆ ಎಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಜನರಿಗೆ ಇಷ್ಟು ಸುಲಭವಾಗಿ ಶಿಕ್ಷೆಯಾದದ್ದು ಹೇಗೆ ಎಂಬುದಕ್ಕೆ ಉತ್ತರ ಕಾನೂನಿನಲ್ಲಿದೆ. 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯಿದೆಯ 69ನೆಯ ಕಲಮಿನ ಪ್ರಕಾರ, ಕಂಪ್ಯೂಟರಿನಿಂದ ಬಂದ ದಾಖಲೆಯನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಒಪ್ಪಬೇಕಾದರೆ, ಆ ಕಂಪ್ಯೂಟರ್ ಸಂಬಂಧಪಟ್ಟ ಕಾಲದುದ್ದಕ್ಕೂ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು, ಇಲ್ಲವೇ ಅದರ ದೋಷ ದಾಖಲೆಯ ನಿಖರತೆಯನ್ನು ಬಾಧಿಸಿರಲಿಲ್ಲವೆಂದು, ದಾಖಲೆ ತಂದವರೇ ತೋರಿಸಬೇಕಿತ್ತು. 1997ರಲ್ಲಿ ಅಲ್ಲಿನ ಕಾನೂನು ಆಯೋಗವು ಈ ಕಲಮನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ಕಂಪ್ಯೂಟರುಗಳು ಸಂಕೀರ್ಣವಾಗುತ್ತಿವೆ, ಅವು ಸರಿಯಾಗಿದ್ದವೆಂದು ಪ್ರಮಾಣೀಕರಿಸುವುದು ಕಷ್ಟ, ಅವುಗಳ ತಪ್ಪುಗಳಲ್ಲಿ ಹೆಚ್ಚಿನವು ಒಡನೆಯೇ ಕಣ್ಣಿಗೆ ಬೀಳುವಂಥವು ಅಥವಾ ಮನುಷ್ಯರು ತಪ್ಪಾಗಿ ತುಂಬಿದ ಮಾಹಿತಿಯಿಂದ ಆಗುವಂಥವು ಎಂಬುದು ಅದರ ಹಿಂದಿನ ತರ್ಕ. 1999ರ ಕಾಯಿದೆಯೊಂದರ ಮೂಲಕ ಆ ಕಲಮು ರದ್ದಾಯಿತು. 2000ದ ಏಪ್ರಿಲಿನಲ್ಲಿ ರದ್ದತಿ ಜಾರಿಗೆ ಬಂತು. ಹೊರೈಜನ್ ಶಾಖೆಗಳಿಗೆ ಬಂದು ಕೂರುತ್ತಿದ್ದದ್ದು ಸರಿಯಾಗಿ ಅದೇ ತಿಂಗಳುಗಳಲ್ಲಿ.

ಆ ಕಲಮಿನ ಜಾಗಕ್ಕೆ ಹಳೆಯ ಪೂರ್ವಭಾವನೆಯೊಂದು ಬಂತು. ವ್ಯತಿರಿಕ್ತ ಸಾಕ್ಷ್ಯವಿಲ್ಲದಿದ್ದರೆ ಯಂತ್ರ ಸರಿಯಾಗಿಯೇ ಇತ್ತು ಎಂದು ನ್ಯಾಯಾಲಯ ಭಾವಿಸಬೇಕು. ಗಡಿಯಾರ, ತಕ್ಕಡಿಗಳಂಥ ಯಂತ್ರಗಳ ಕಾಲದಲ್ಲಿ ಹುಟ್ಟಿದ ಭಾವನೆ ಅದು. ತಕ್ಕಡಿ ಕೆಟ್ಟರೆ ಎದುರಿಗೆ ನಿಂತವನಿಗೂ ಕಾಣುತ್ತದೆ, ಇನ್ನೊಂದು ತಕ್ಕಡಿಯಲ್ಲಿ ತೂಗಿ ನೋಡಬಹುದು. ಸಾವಿರಾರು ಶಾಖೆಗಳನ್ನು ಬೆಸೆದ ಸಾಫ್ಟ್‌ವೇರ್ ಒಂದು ಊರಿನಲ್ಲಿ, ಒಂದು ದಿನ, ಒಂದು ವಿಶಿಷ್ಟ ಕ್ರಮದಲ್ಲಿ ಕೀಲಿ ಒತ್ತಿದಾಗ ಮಾತ್ರ ತಪ್ಪಬಹುದು, ಉಳಿದ ದಿನವೆಲ್ಲ ಸರಿಯಾಗಿರಬಹುದು. ಆ ತಪ್ಪಿನ ಕುರುಹು ಇರುವುದು ಸಾಫ್ಟ್‌ವೇರ್ ಕಟ್ಟಿದವರ ಲಾಗ್‌ಗಳಲ್ಲಿ, ದೋಷಗಳ ಪಟ್ಟಿಯಲ್ಲಿ. ಅದನ್ನು ಕೇಳಬೇಕಾದವರು ಆರೋಪಿಗಳು, ಕೊಡಬೇಕಾದವರು ಆರೋಪ ಹೊರಿಸಿದವರು. ಬೀಗದ ಕೈಯನ್ನು ಎದುರಾಳಿಯ ಕಿಸೆಯಲ್ಲಿಟ್ಟು, ಪೆಟ್ಟಿಗೆ ತೆರೆದು ತೋರಿಸು ಎಂದ ಹಾಗೆ.

ಅದರ ಮೇಲೆ, ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪೋಸ್ಟ್ ಆಫೀಸ್ ತಾನೇ ತನಿಖೆ ಮಾಡಿ ತಾನೇ ಖಾಸಗಿಯಾಗಿ ಮೊಕದ್ದಮೆ ಹೂಡುತ್ತಿತ್ತು. ನಷ್ಟವಾಯಿತೆಂದು ಹೇಳುವವರು, ತನಿಖೆ ಮಾಡುವವರು, ವಾದಿಸುವವರು ಎಲ್ಲ ಒಂದೇ ಸಂಸ್ಥೆ. ಕಳ್ಳತನದ ಆರೋಪವನ್ನು ಕೈಬಿಡುತ್ತೇವೆ, ಸುಳ್ಳು ಲೆಕ್ಕ ಬರೆದದ್ದನ್ನು ಒಪ್ಪಿಕೊಳ್ಳಿ ಎಂಬ ಮಾತಿಗೆ ಬಹಳಷ್ಟು ಜನ ಒಪ್ಪಿದರು, ಜೈಲು ತಪ್ಪಬಹುದೆಂಬ ಆಸೆಯಿಂದ. ಜೋ ಹ್ಯಾಮಿಲ್ಟನ್ ಹಾಗೆ ಒಪ್ಪಿದಾಗ ಹೊರೈಜನ್ ಮೇಲೆ ದೋಷ ಹೊರಿಸಬಾರದೆಂಬುದೂ ಒಪ್ಪಂದದ ಭಾಗವಾಗಿತ್ತು. ಅವರ ಹಳ್ಳಿಯವರು ಹಣ ಕೂಡಿಸಿ ಅವರನ್ನು ಜೈಲಿನಿಂದ ಉಳಿಸಿಕೊಂಡರು. ಊರು ನಂಬಿತು, ನ್ಯಾಯಾಲಯದ ದಾಖಲೆ ಮಾತ್ರ ಅವರನ್ನು ತಪ್ಪಿತಸ್ಥೆ ಎಂದಿತು.

ಮುಂದಿನ ಹೋರಾಟದ ಕಥೆ ಈಗ ಲೋಕಕ್ಕೆಲ್ಲ ತಿಳಿದಿದೆ, ಬೇಗ ಹೇಳಿ ಮುಗಿಸುತ್ತೇನೆ. ಉತ್ತರ ವೇಲ್ಸಿನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದು 2003ರಲ್ಲಿ ಕರಾರು ಕಳೆದುಕೊಂಡ ಆ್ಯಲನ್ ಬೇಟ್ಸ್, 2009ರಲ್ಲಿ ‘ಕಂಪ್ಯೂಟರ್ ವೀಕ್ಲಿ’ ಪತ್ರಿಕೆ ಏಳು ಜನರ ಕಥೆಯನ್ನು ಪ್ರಕಟಿಸಿದ ವರ್ಷವೇ, ತಮ್ಮಂಥವರನ್ನು ಫೆನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ಸೇರಿಸಿದರು. ‘ನಿಮಗೊಬ್ಬರಿಗೇ’ ಎಂಬ ಮಾತು ಸುಳ್ಳೆಂದು ಅವರಿಗೆಲ್ಲ ಕಣ್ಣಾರೆ ಗೊತ್ತಾದದ್ದು ಅಲ್ಲಿ. 555 ಜನ ಸೇರಿ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ಪೀಟರ್ ಫ್ರೇಸರ್ 2019ರ ಡಿಸೆಂಬರಿನಲ್ಲಿ ಹೊರೈಜನ್ನಿನ ದೋಷಗಳ ಬಗ್ಗೆ ಸುದೀರ್ಘ ತೀರ್ಪು ಕೊಟ್ಟರು. ಅದು ಸರಿಯಾಗಿತ್ತೆಂಬ ಪೋಸ್ಟ್ ಆಫೀಸಿನ ಹಟವನ್ನು ಭೂಮಿ ಚಪ್ಪಟೆಯಾಗಿದೆ ಎಂಬ ವಾದಕ್ಕೆ ಹೋಲಿಸಿದರು. ರಾಜಿಯಲ್ಲಿ ಬಂದ 5.775 ಕೋಟಿ ಪೌಂಡಿನಲ್ಲಿ ಸುಮಾರು 4.6 ಕೋಟಿ ದಾವೆಯ ಖರ್ಚಿಗೇ ಹೋಯಿತು. ಆದರೂ ಆ ತೀರ್ಪು ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

2021ರ ಏಪ್ರಿಲ್ 23ರಂದು ಮೇಲ್ಮನವಿ ನ್ಯಾಯಾಲಯವು 39 ಜನರ ಅಪರಾಧ ನಿರ್ಣಯಗಳನ್ನು ರದ್ದುಮಾಡಿತು. ಹ್ಯಾಮಿಲ್ಟನ್, ಥಾಮಸ್, ಮಿಶ್ರಾ ಮೂವರೂ ಅವರಲ್ಲಿದ್ದರು. ನ್ಯಾಯವಾದ ವಿಚಾರಣೆ ಸಾಧ್ಯವಿರಲಿಲ್ಲ ಎಂದಷ್ಟೇ ಹೇಳಿ ನಿಲ್ಲದೆ, ಇಂಥ ಮೊಕದ್ದಮೆ ಹೂಡಿದ್ದೇ ಸಾರ್ವಜನಿಕ ಅಂತಃಸಾಕ್ಷಿಗೆ ಎಸಗಿದ ಅಪಚಾರ ಎಂದು ನ್ಯಾಯಾಲಯ ಹೇಳಿತು. ಹೊರೈಜನ್ನಿನ ಅಂಕಿಯೇ ಆರೋಪದ ಆಧಾರವಾಗಿದ್ದು, ಹಣ ನಿಜವಾಗಿ ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷ್ಯವಿಲ್ಲದಿದ್ದರೆ ಆ ಶಿಕ್ಷೆ ನಿಲ್ಲದು ಎಂಬ ಅಳತೆಗೋಲನ್ನೂ ಹಾಕಿಕೊಟ್ಟಿತು. ದಾರಿ ತೆರೆಯಿತು, ಉಳಿದವರೆಲ್ಲ ಬರುತ್ತಾರೆ ಎಂದು ಎಲ್ಲರೂ ಭಾವಿಸಿದರು. ಬರಲಿಲ್ಲ. ಒಟ್ಟು ಶಿಕ್ಷೆಯಾದವರು 900ಕ್ಕೂ ಹೆಚ್ಚು. ಮೂರು ವರ್ಷ ಕಳೆಯುತ್ತಾ ಬಂದರೂ, 2024ರ ಜನವರಿಯ ಹೊತ್ತಿಗೆ ರದ್ದಾದವು ನೂರನ್ನು ಮುಟ್ಟಿರಲಿಲ್ಲ. ಹಲವರ ಕಡತಗಳೇ ನಾಶವಾಗಿದ್ದವು. ಕೆಲವರು ತೀರಿಕೊಂಡಿದ್ದರು. ಇನ್ನು ಹಲವರಿಗೆ ಪೋಸ್ಟ್ ಆಫೀಸಿನ ಮೊಹರಿರುವ ಲಕೋಟೆಯನ್ನು ಒಡೆಯುವ ಧೈರ್ಯವಿರಲಿಲ್ಲ. ಒಮ್ಮೆ ನ್ಯಾಯಾಲಯದಲ್ಲಿ ನಿಜ ಹೇಳಿ ಸೋತವರಿಗೆ ಮತ್ತೊಮ್ಮೆ ಅದೇ ಕಟಕಟೆಯ ಕಡೆಗೆ ಬನ್ನಿ ಎಂದರೆ ಅವರು ಬರದಿರುವುದು ನನಗೆ ಪೂರ್ತಿ ಅರ್ಥವಾಗುತ್ತದೆ.

ಆ ಜನವರಿಯ ಮೊದಲ ವಾರದಲ್ಲಿ ಐಟಿವಿ ವಾಹಿನಿಯಲ್ಲಿ ಬೇಟ್ಸ್ ಅವರ ಹೋರಾಟದ ಬಗ್ಗೆ ನಾಲ್ಕು ಕಂತಿನ ಧಾರಾವಾಹಿ ಬಂತು. ಜನರ ಕೋಪ ಎಷ್ಟಿತ್ತೆಂದರೆ, ಅದು ಮುಗಿದು ವಾರ ತುಂಬುವುದರೊಳಗೆ, ಜನವರಿ 10ರಂದು, ಸುನಕ್ ಹೊಸ ಕಾಯಿದೆಯನ್ನು ಘೋಷಿಸಿದರು. ಸುಮ್ಮನೆ ಕ್ಷಮಾದಾನ ಕೊಡಬಹುದಿತ್ತು. ಮೊದಲ ಮಹಾಯುದ್ಧದಲ್ಲಿ ಗುಂಡಿಕ್ಕಿ ಕೊಲ್ಲಲಾದ ಸೈನಿಕರಿಗೆ 2006ರ ಕಾಯಿದೆ ಕೊಟ್ಟದ್ದು ಅದನ್ನೇ. ಆದರೆ ಕ್ಷಮಾದಾನದಲ್ಲಿ ಅಪರಾಧ ನಿರ್ಣಯ ಅಳಿಯುವುದಿಲ್ಲ, ಕ್ಷಮೆಯಷ್ಟೇ ಸಿಗುತ್ತದೆ. ಮಾಡದ ತಪ್ಪಿಗೆ ಕ್ಷಮೆ ಸ್ವೀಕರಿಸಿ ಎನ್ನುವುದು ಈ ಜನರಿಗೆ ಮತ್ತೊಂದು ಅವಮಾನವಾಗುತ್ತಿತ್ತು. ಆದ್ದರಿಂದ ರದ್ದತಿಯನ್ನೇ ಆರಿಸಿಕೊಂಡದ್ದು ಸರಿಯಾದ ಆಯ್ಕೆ.

ಕಾಯಿದೆಯ ಅಳತೆಗಳು ಸರಳವಾಗಿವೆ. ಅಪರಾಧ ನಡೆಯಿತೆಂದು ಹೇಳಲಾದ ಕಾಲ 1996ರ ಸೆಪ್ಟೆಂಬರ್ 23ರಿಂದ 2018ರ ಡಿಸೆಂಬರ್ 31ರ ನಡುವಿನದಾಗಿರಬೇಕು. ಆರೋಪ ಕಳ್ಳತನ, ವಂಚನೆ, ಸುಳ್ಳು ಲೆಕ್ಕದಂಥದಾಗಿರಬೇಕು. ಆರೋಪಿಗಳು ಅಂಚೆ ಕಚೇರಿ ನಡೆಸುತ್ತಿದ್ದವರು ಅಥವಾ ಅಲ್ಲಿ ಕೆಲಸ ಮಾಡುತ್ತಿದ್ದವರಾಗಿದ್ದು ಆರೋಪ ಆ ಕೆಲಸಕ್ಕೇ ಸಂಬಂಧಿಸಿರಬೇಕು. ಆ ಶಾಖೆಯಲ್ಲಿ ಆಗ ಹೊರೈಜನ್ ಇರಬೇಕು. ಇಷ್ಟಿದ್ದರೆ ರದ್ದು. ಸ್ಕಾಟ್ಲೆಂಡಿನ ಸಂಸತ್ತು ಕೆಲವೇ ದಿನಗಳ ನಂತರ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಹೀಗೆ ಹೆಸರು ಶುದ್ಧವಾದವರು ಬೇಕಾದರೆ ಒಟ್ಟು 6 ಲಕ್ಷ ಪೌಂಡಿನ ಪರಿಹಾರ ಪಡೆಯಬಹುದು, ಇಲ್ಲವೇ ತಮ್ಮ ನಷ್ಟವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿಸಿಕೊಳ್ಳಬಹುದು.

ಇದಕ್ಕೆ ಬಂದ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವವಳು ನಾನಲ್ಲ. ನ್ಯಾಯಾಲಯದ ತೀರ್ಪು ನಿಲ್ಲಬೇಕೋ ಬೇಡವೋ ಎಂಬುದನ್ನು ಹೇಳಬೇಕಾದದ್ದು ನ್ಯಾಯಾಲಯವೇ ಎಂಬ ಆತಂಕ ಅಲ್ಲಿನ ನ್ಯಾಯಾಂಗದಲ್ಲಿ ಇತ್ತು. ಇಂದು ನಿರಪರಾಧಿಗಳ ಪರವಾಗಿ ತೀರ್ಪುಗಳನ್ನು ಅಳಿಸಿದ ಸಂಸತ್ತು ನಾಳೆ ಇನ್ನಾರದೋ ಪರವಾಗಿ ಅಳಿಸಬಹುದು, ಬಹುಮತವಿದ್ದರೆ ಸಾಕು. ನಿಜವಾಗಿ ಹಣ ಕದ್ದ ಕೆಲವರೂ ಈ ಬಾಗಿಲಿನಿಂದ ಹೊರಬರಬಹುದೆಂದು ಸಚಿವರೇ ಒಪ್ಪಿಕೊಂಡರು. ಇದು ಪೂರ್ವನಿದರ್ಶನವಾಗುವುದಿಲ್ಲ ಎಂದು ಸರ್ಕಾರ ಒತ್ತಿ ಹೇಳಿತು. ನಿದರ್ಶನವಾಗುವುದಿಲ್ಲ ಎಂದು ಮಾಡಿದವರು ಹೇಳಿದ ಮಾತ್ರಕ್ಕೆ ಅದು ನಿದರ್ಶನವಾಗದೆ ಇರುವುದಿಲ್ಲ. ಆದರೂ ಈ ಕಾಯಿದೆ ಬೇಕಿತ್ತು ಎಂದೇ ನಾನು ನಂಬುತ್ತೇನೆ. ಕಾಯಿದೆ ಅಳಿಸಿದ್ದು ನ್ಯಾಯಾಧೀಶರ ವಿವೇಕವನ್ನಲ್ಲ. ಆ ವಿವೇಕಕ್ಕೆ ಯಾವ ಅವಕಾಶವೂ ಇಲ್ಲದಂತೆ, ಯಂತ್ರ ಸರಿಯಾಗಿತ್ತು ಎಂದು ಮೊದಲೇ ಭಾವಿಸಿಕೊಂಡು ಬಂದ ತೀರ್ಪುಗಳನ್ನು. ಸಾವಿರ ಶಾಖೆಗಳಲ್ಲಿ ಒಂದೇ ದೋಷಪೂರ್ಣ ವ್ಯವಸ್ಥೆ ಒಟ್ಟಾಗಿ ಮಾಡಿದ ತಪ್ಪನ್ನು, ಒಬ್ಬೊಬ್ಬರೂ ಒಂಟಿಯಾಗಿ ಬಂದು ಬಿಡಿಸಿಕೊಳ್ಳಿ ಎನ್ನುವುದು ‘ನಿಮಗೊಬ್ಬರಿಗೇ’ ಎಂಬ ಆ ಹಳೆಯ ಉತ್ತರದ ಮುಂದುವರಿಕೆಯೇ ಆಗುತ್ತಿತ್ತು.

ಕಾಯಿದೆಯಲ್ಲಿ ನನಗೆ ಒಪ್ಪಿಗೆಯಾಗದಿರುವುದು ಬೇರೆ. ಮೇಲ್ಮನವಿ ನ್ಯಾಯಾಲಯದ ಬಾಗಿಲನ್ನು ಅದಾಗಲೇ ತಟ್ಟಿ, ಅಲ್ಲಿ ಸೋತಿದ್ದ ಅಥವಾ ಅನುಮತಿಯೇ ಸಿಗದಿದ್ದ ಸಣ್ಣ ಗುಂಪೊಂದನ್ನು ಅದು ಹೊರಗಿಟ್ಟಿದೆ. ನ್ಯಾಯಾಂಗದೊಡನೆ ನೇರ ಘರ್ಷಣೆ ಬೇಡವೆಂದು ಹಾಗೆ ಮಾಡಿದರು, ಕಾರಣ ತಿಳಿಯುತ್ತದೆ. ಫಲಿತಾಂಶ ಮಾತ್ರ ವಿಚಿತ್ರ. ಅದೇ ಬಗೆಯ ಆರೋಪ ಹೊತ್ತು ಮನೆಯಲ್ಲೇ ಉಳಿದವರ ಹೆಸರು ತಾನಾಗಿಯೇ ಶುದ್ಧವಾಯಿತು, ಧೈರ್ಯ ಮಾಡಿ ಮೊದಲು ಹೋದವರು ಹೊರಗುಳಿದರು. ಪಿಂಚಣಿ ಇಲಾಖೆಯೇ ಹೂಡಿದ್ದ ಮೊಕದ್ದಮೆಗಳನ್ನೂ ಕಾಯಿದೆ ಮುಟ್ಟಿಲ್ಲ. ಹೊರೈಜನ್ನಿಗಿಂತ ಮುಂಚೆ 1990ರ ದಶಕದಲ್ಲಿ ಕೆಲವು ಶಾಖೆಗಳಲ್ಲಿದ್ದ ‘ಕ್ಯಾಪ್ಚರ್’ ಎಂಬ ಸಾಫ್ಟ್‌ವೇರ್ ಕೂಡ ಕೊರತೆಗಳನ್ನು ಹುಟ್ಟಿಸಿರುವ ಸಾಧ್ಯತೆ ಇದೆ ಎಂದು 2024ರ ಸೆಪ್ಟೆಂಬರಿನ ಸ್ವತಂತ್ರ ವರದಿ ಹೇಳಿತು. ಅದರಿಂದ ಶಿಕ್ಷೆಗೊಳಗಾದವರು ಮತ್ತೆ ಆ ಒಂಟಿ ದಾರಿಯಲ್ಲೇ ನಡೆಯಬೇಕಾಗಿದೆ. ನಿವೃತ್ತ ನ್ಯಾಯಾಧೀಶ ಸರ್ ವಿನ್ ವಿಲಿಯಮ್ಸ್ ಈ ಹಗರಣದ ಬಗ್ಗೆ ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿಯ ಮೊದಲ ಸಂಪುಟ 2025ರ ಜುಲೈ 8ರಂದು ಬಂತು. ಕನಿಷ್ಠ 13 ಜನರ ಆತ್ಮಹತ್ಯೆಗೆ ಈ ಹಗರಣ ಕಾರಣವಾಗಿರಬಹುದು ಎಂದು ಅದು ದಾಖಲಿಸಿತು. ಅಂಥವರಿಗೆ ಯಾವ ಕಾಯಿದೆಯೂ ತಲುಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಯಂತ್ರ ಸರಿಯಾಗಿತ್ತು ಎಂಬ ಪೂರ್ವಭಾವನೆಯನ್ನು 2024ರ ಕಾಯಿದೆ ಮುಟ್ಟಲೇ ಇಲ್ಲ. ಆ ಭಾವನೆಯಿಂದ ಹುಟ್ಟಿದ ನೂರಾರು ತೀರ್ಪುಗಳನ್ನು ಒಂದೇ ದಿನ ಅಳಿಸಿದ ಸಂಸತ್ತು, ಅದನ್ನು ಹಾಗೆಯೇ ಬಿಟ್ಟು ಎದ್ದುಹೋಯಿತು. 2025ರ ಜನವರಿಯಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಇದನ್ನು ಬದಲಿಸುವ ಬಗ್ಗೆ ಅಭಿಪ್ರಾಯಗಳನ್ನು ಆಹ್ವಾನಿಸಿತು.

ಇಲ್ಲಿ ನಮ್ಮ ದೇಶದ ಕಾನೂನಿನ ಮಾತು ಬರುತ್ತದೆ, ಅದು ಎಳೆದು ತಂದ ಸಂಬಂಧವಲ್ಲ. 2000ದ ಏಪ್ರಿಲಿನಲ್ಲಿ ಬ್ರಿಟನ್ ಆ ಷರತ್ತನ್ನು ಕೈಬಿಟ್ಟ ಆರು ತಿಂಗಳಿಗೆ, ಅಕ್ಟೋಬರಿನಲ್ಲಿ, ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದು, ನಮ್ಮ ಸಾಕ್ಷ್ಯ ಕಾಯಿದೆಗೆ 65ಬಿ ಎಂಬ ಹೊಸ ಕಲಮು ಸೇರಿತು. ಅದರ ಪದಗಳು ಬಂದದ್ದು 1968ರ ಇಂಗ್ಲಿಷ್ ಸಿವಿಲ್ ಸಾಕ್ಷ್ಯ ಕಾಯಿದೆಯ ಒಂದು ಕಲಮಿನಿಂದ. ಆ ಕಲಮನ್ನೂ ಇಂಗ್ಲೆಂಡ್ ಅಷ್ಟರಲ್ಲಿ ರದ್ದುಮಾಡಿತ್ತು. ಹೀಗೆ ಅವರು ಬಿಟ್ಟ ಷರತ್ತು ನಮ್ಮಲ್ಲಿ ಬದುಕಿ ಉಳಿಯಿತು: ಸಂಬಂಧಪಟ್ಟ ಕಾಲದಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿರಬೇಕು, ಹಾಗೆಂದು ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಪ್ರಮಾಣಪತ್ರ ಕೊಡಬೇಕು. ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2020ರಲ್ಲಿ ದೃಢಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇದನ್ನು ಉಳಿಸಿಕೊಂಡಿದ್ದು, ಪ್ರಮಾಣಪತ್ರಕ್ಕೆ ತಜ್ಞರು ತುಂಬಬೇಕಾದ ಎರಡನೆಯ ಭಾಗವೊಂದನ್ನೂ ಸೇರಿಸಿದೆ. ಕಾನೂನಿನ ಪುಸ್ತಕವನ್ನಷ್ಟೇ ನೋಡಿದರೆ ನಾವು ಬ್ರಿಟನ್ನಿಗಿಂತ ಸುರಕ್ಷಿತರು.

ಆದರೆ ಅಂಥ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಿದ್ದೇನೆ. 2016ರಲ್ಲಿ, ನಾನು ಆಗ ಕೆಲಸ ಮಾಡುತ್ತಿದ್ದ ಕಂಪನಿಯ ಸಾಫ್ಟ್‌ವೇರ್ ಬಳಸುತ್ತಿದ್ದ ಸಹಕಾರ ಸಂಘವೊಂದರ ಶಾಖೆಯಲ್ಲಿ ಗುಮಾಸ್ತರೊಬ್ಬರ ಮೇಲೆ ಹಣ ದುರುಪಯೋಗದ ಆರೋಪ ಬಂದಿತ್ತು. ಮೂರು ತಿಂಗಳ ಲೆಡ್ಜರಿನ ಮುದ್ರಿತ ಪ್ರತಿಗಳ ಜೊತೆ 65ಬಿ ಪ್ರಮಾಣಪತ್ರ ಬೇಕೆಂದು ಕೇಳಿದರು. ನಮೂನೆ ಸಿದ್ಧವಿತ್ತು, ಮೂರನೆಯ ಸಾಲಿನಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದಿತ್ತು. ಹೆಸರು, ಹುದ್ದೆ, ದಿನಾಂಕ ತುಂಬಿ ಸಹಿ ಮಾಡಿ ಕಳಿಸಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಆ ಮೂರು ತಿಂಗಳಲ್ಲಿ ಆ ಶಾಖೆಯಿಂದ ಎಷ್ಟು ದೂರುಗಳು ಬಂದಿದ್ದವು, ಅವನ್ನು ಯಾವ ಕಾರಣ ಬರೆದು ಮುಚ್ಚಿದ್ದೆವು ಎಂದು ನಾನು ತೆಗೆದು ನೋಡಲಿಲ್ಲ. ನೋಡಬೇಕೆಂದು ಯಾರೂ ಹೇಳಿರಲಿಲ್ಲ, ನನಗೂ ಹೊಳೆಯಲಿಲ್ಲ. ಆ ಗುಮಾಸ್ತರು ಹಣ ಕಟ್ಟಿ ರಾಜಿ ಮಾಡಿಕೊಂಡರೆಂದು ಆಮೇಲೆ ಕೇಳಿದೆ. ಹಣ ಕಟ್ಟಿದರೆಂದರೆ ತಪ್ಪು ಅವರದೇ ಎಂದು ಆಗ ಸಮಾಧಾನವಾಗಿತ್ತು. ಸೌತ್ ವಾರ್ನ್‌ಬರೊದ ಜೋ ಹ್ಯಾಮಿಲ್ಟನ್ ಅವರ ಕಥೆ ಓದಿದ ರಾತ್ರಿ ಆ ಸಮಾಧಾನ ಹೋಯಿತು.

ಈಗ ಬೇರೆ ಕಡೆ ಕೆಲಸ ಮಾಡುತ್ತಿದ್ದೇನೆ, ಇಂಥ ಕೋರಿಕೆಗಳು ಇಲ್ಲಿಗೂ ಬರುತ್ತವೆ. ಬಂದಾಗ ಆ ದಿನಾಂಕಗಳ ನಡುವೆ ದಾಖಲಾದ ದೂರುಗಳು, ಆ ಆವೃತ್ತಿಯಲ್ಲಿ ಗೊತ್ತಿದ್ದ ದೋಷಗಳು, ನಾವು ಹಿಂಬಾಗಿಲಿನಿಂದ ಮಾಡಿದ ತಿದ್ದುಪಡಿಗಳು, ಇಷ್ಟನ್ನೂ ಪಟ್ಟಿ ಮಾಡಿ ಪ್ರಮಾಣಪತ್ರಕ್ಕೆ ಲಗತ್ತಿಸುತ್ತೇನೆ. ಕಳೆದ ಸಲ ಪಟ್ಟಿ ಮೂರು ಪುಟವಾಯಿತು. ‘ಇದೆಲ್ಲ ಯಾಕೆ ಮೇಡಂ, ಒಂದು ಪುಟದ ಸರ್ಟಿಫಿಕೇಟ್ ಸಾಕಿತ್ತಲ್ಲ, ಆ ಕಡೆಯ ವಕೀಲರಿಗೆ ಸುಮ್ಮನೆ ಆಸ್ಪದವಾಗುತ್ತೆ’ ಎಂದು ದೂರುದಾರರ ಪರ ವಕೀಲರು ಫೋನ್ ಮಾಡಿದರು. ಅವರು ಕೇಳಿದ್ದು ಅವರ ಕೆಲಸ. ಪಟ್ಟಿಯನ್ನು ತೆಗೆಯುವುದಾದರೆ ನನ್ನ ಸಹಿಯೂ ಇರುವುದಿಲ್ಲ ಎಂದೆ. ಮೂರು ಪುಟಗಳೂ ಈಗ ಆ ಪ್ರಕರಣದ ಕಡತದಲ್ಲಿವೆ.